ಮಡಚುವ ಚಾಕು: ಲಾಕ್ ಕಚ್ಚಿದೆಯೋ, ಕಚ್ಚಿದಂತೆ ಕಾಣುತ್ತಿದೆಯೋ?

ಪ್ರಶ್ನೆ: ಮಡಚುವ ಚಾಕು ಕೊಳ್ಳಬೇಕು. ಲೈನರ್ ಲಾಕ್, ಫ್ರೇಮ್ ಲಾಕ್, ಬ್ಯಾಕ್ ಲಾಕ್, ಕ್ರಾಸ್‌ಬಾರ್ ಲಾಕ್ ಎಂದೆಲ್ಲ ಇದೆ. ಯಾವುದು ಗಟ್ಟಿ?

ಉತ್ತರ: ನೀಟಾಗಿ ಮಾಡಿದ್ದರೆ ನಾಲ್ಕೂ ಗಟ್ಟಿಯೇ. ಕೈಕೊಡುವ ರೀತಿ ಮಾತ್ರ ಒಂದೊಂದರದೂ ಬೇರೆ. ಆರಿಸುವಾಗ ನೋಡಬೇಕಾದ್ದು ಅದನ್ನೇ.

ಬ್ಯಾಕ್ ಲಾಕ್ ಹಳೆಯದು. ಹಿಡಿಯ ಬೆನ್ನಿನಲ್ಲಿ ಏತದ ಹಾಗೆ ನಡುವೆ ಕೀಲಿರುವ ಒಂದು ಉಕ್ಕಿನ ಪಟ್ಟಿ. ಅದರ ಹಿಂತುದಿಯನ್ನು ಸ್ಪ್ರಿಂಗ್ ಮೇಲಕ್ಕೆ ತಳ್ಳುತ್ತದೆ, ಮುಂತುದಿಯ ಕೊಕ್ಕೆ ಅಲಗಿನ ಬುಡದ ಕಚ್ಚಿನೊಳಗೆ ಕೂರುತ್ತದೆ. ಹಿಡಿಯನ್ನು ತಿರುಚಿದರೂ ಇದು ಸುಲಭಕ್ಕೆ ಬಿಡುವುದಿಲ್ಲ. ಇದರ ಶತ್ರು ಜೇಬಿನ ಕಸ. ಕಚ್ಚಿನಲ್ಲಿ ನೂಲಿನ ಜುಂಗು ತುಂಬಿಕೊಂಡರೆ ಕೊಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ‘ಟಕ್’ ಎಂಬ ಸದ್ದು ಬಂದರೂ ಪೂರ್ತಿ ಕೂತಿರುವುದಿಲ್ಲ. ಪಟ್ಟಿ ಹಿಡಿಯ ಬೆನ್ನಿನ ಮಟ್ಟಕ್ಕೇ ಇದೆಯೇ, ಒಂದು ತುದಿ ಎದ್ದಿದೆಯೇ ಎಂದು ಉಗುರು ಸವರಿ ನೋಡಿ. ಎದ್ದಿದ್ದರೆ ಲಾಕ್ ಅದುಮಿ ಹಿಡಿದು ಹಲ್ಲುಕಡ್ಡಿಯಿಂದ ಕಚ್ಚನ್ನು ಕೆದಕಿ ತೆಗೆಯಿರಿ. ಅಲಗಿನಲ್ಲಿ ಮೇಲೆ ಕೆಳಗೆ ಕೂದಲೆಳೆಯಷ್ಟು ಅಲ್ಲಾಟ ಈ ಜಾತಿಯಲ್ಲಿ ಸಾಮಾನ್ಯ, ದೋಷವೆನ್ನಲಾಗದು.

ಲೈನರ್ ಲಾಕ್ ಈಗಿನ ರೂಪಕ್ಕೆ ಬಂದದ್ದು 1980ರ ದಶಕದಲ್ಲಿ, ಅಮೆರಿಕದ ಮೈಕೆಲ್ ವಾಕರ್ ಅವರ ಕೈಯಲ್ಲಿ. ಹಿಡಿಯೊಳಗಿನ ತೆಳು ಲೋಹದ ಹಾಳೆಯನ್ನೇ (ಇದೇ ಲೈನರ್) ಸೀಳಿ ಸ್ಪ್ರಿಂಗಿನಂತೆ ಬಾಗಿಸಿರುತ್ತಾರೆ; ಅಲಗು ತೆರೆದೊಡನೆ ಅದು ಪಕ್ಕಕ್ಕೆ ಸರಿದು ಬುಡದ ಹಿಂದೆ ಆತು ನಿಲ್ಲುತ್ತದೆ. ಕೆಲಸವೆಲ್ಲ ನಡೆಯುವುದು ಅದು ಆತುಕೊಳ್ಳುವ ಇಳಿಜಾರಿನಲ್ಲಿ. ಇಳಿಜಾರು ಹೆಚ್ಚಾದರೆ ಒತ್ತಡಕ್ಕೆ ಪಟ್ಟಿ ಜಾರುತ್ತದೆ, ಕಡಿಮೆಯಾದರೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಅಗ್ಗದ ಚಾಕುಗಳು ಸೋಲುವುದು ಇಲ್ಲಿಯೇ. ಇನ್ನೊಂದು ತೊಂದರೆ: ಗಟ್ಟಿಯಾಗಿ ಹಿಡಿದು ತಿರುಚುವಾಗ ಬೆರಳಿನ ಮಾಂಸವೇ ಪಟ್ಟಿಗೆ ತಾಗಿ ಅದನ್ನು ಸರಿಸಿಬಿಡಬಹುದು.

ಫ್ರೇಮ್ ಲಾಕ್ ಇದರ ಅಣ್ಣ. ಚಾಕು ತಯಾರಕ ಕ್ರಿಸ್ ರೀವ್ ಹೆಸರುವಾಸಿ ಮಾಡಿದ್ದು. ಒಳಗಿನ ಹಾಳೆಯ ಬದಲು ಹಿಡಿಯ ಒಂದು ಪಕ್ಕದ ದಪ್ಪ ಲೋಹವೇ ಲಾಕ್ ಆಗುತ್ತದೆ. ಬಿಗಿಯಾಗಿ ಹಿಡಿದಷ್ಟೂ ಬೆರಳುಗಳು ಅದನ್ನು ಒಳಕ್ಕೇ ಒತ್ತುತ್ತವೆ. ತಿರುಚಿ ಕೊರೆಯುವ ಕೆಲಸಕ್ಕೆ ಲೈನರ್ ಲಾಕ್‌ಗಿಂತ ಇದು ಲೇಸು.

ಕ್ರಾಸ್‌ಬಾರ್ ಲಾಕ್‌ನಲ್ಲಿ ಹಿಡಿಗೆ ಅಡ್ಡಲಾಗಿ ಒಂದು ಉಕ್ಕಿನ ಕಡ್ಡಿ. ಎರಡು ಸಣ್ಣ ತಂತಿ ಸ್ಪ್ರಿಂಗುಗಳು ಅದನ್ನು ಮುಂದಕ್ಕೆ ನೂಕಿ ಅಲಗಿನ ಬುಡಕ್ಕೂ ತೆರೆದ ಅಲಗನ್ನು ತಡೆದು ನಿಲ್ಲಿಸುವ ತಡೆಗೂಟಕ್ಕೂ ನಡುವೆ ಸಿಕ್ಕಿಸುತ್ತವೆ. ಬೆಂಚ್‌ಮೇಡ್ ಕಂಪನಿ ‘ಆಕ್ಸಿಸ್’ ಎಂಬ ಹೆಸರಲ್ಲಿ ತಂದದ್ದು ಇದೇ ಬಗೆ. ಮಡಚುವಾಗ ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ ಎಂಬುದು ಇದರ ದೊಡ್ಡ ಗುಣ. ದುರ್ಬಲ ಭಾಗ ಆ ತಂತಿ ಸ್ಪ್ರಿಂಗು. ಒಂದು ಮುರಿದರೂ ಇನ್ನೊಂದರ ಮೇಲೆ ಚಾಕು ನಡೆಯುತ್ತದೆ, ಆದರೆ ಕಡ್ಡಿ ಓರೆಯಾಗಿ ಸರಿಯಲು ಶುರುವಾದರೆ ಅದೇ ಸೂಚನೆ. ಸ್ಪ್ರಿಂಗ್ ಬದಲಿಸಿ.

ನಮ್ಮ ಆಯ್ಕೆ ಕೇಳಿದರೆ: ದಿನಬಳಕೆಗೆ ಕ್ರಾಸ್‌ಬಾರ್, ಒರಟು ಕೆಲಸಕ್ಕೆ ಬ್ಯಾಕ್ ಲಾಕ್.

ಪ್ರಶ್ನೆ: ನನ್ನ ಲೈನರ್ ಲಾಕ್ ಪಟ್ಟಿ ಬುಡದ ಆಚೆ ತುದಿಯವರೆಗೂ ಹೋಗಿದೆ. ಬಳಸಬಹುದೇ?

ಉತ್ತರ: ಹೊಸ ಚಾಕುವಿನಲ್ಲಿ ಪಟ್ಟಿ ಬುಡದ ಅಗಲದ ಕಾಲು ಭಾಗದಿಂದ ಅರ್ಧದವರೆಗೆ ಬಂದು ನಿಲ್ಲುತ್ತದೆ. ಉಜ್ಜಿ ಸವೆದಂತೆ ಆಚೆಗೆ ಸರಿಯುತ್ತ ಹೋಗುತ್ತದೆ. ಆಚೆ ಬದಿಯ ಲೈನರ್‌ಗೆ ತಾಗಿದ ಮೇಲೆ ಮುಂದೆ ಹೋಗಲು ಜಾಗವಿಲ್ಲ. ಇನ್ನು ಸವೆದದ್ದೆಲ್ಲ ಅಲಗಿನ ಅಲ್ಲಾಟವಾಗಿ ಕಾಣುತ್ತದೆ. ಹಿಡಿಯನ್ನು ಭದ್ರವಾಗಿ ಹಿಡಿದು ಅಲಗಿನ ಬೆನ್ನನ್ನು ಹೆಬ್ಬೆರಳಿಂದ ಮೇಲೆ ಕೆಳಗೆ ಮೆಲ್ಲಗೆ ಅದುಮಿ ನೋಡಿ. ಅಲ್ಲಾಡಿದರೆ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ತಡೆಗೂಟವನ್ನು ತುಸು ದಪ್ಪದ್ದಕ್ಕೆ ಬದಲಿಸಿದರೆ ಅಲಗು ಮೊದಲೇ ನಿಂತು ಪಟ್ಟಿ ಮತ್ತೆ ಈಚೆಗೆ ಬರುತ್ತದೆ. ತಯಾರಕರು ಮಾಡಿಕೊಡುವುದಾದರೆ ಅವರಿಗೇ ಬಿಡಿ. ಮಣಿಕಟ್ಟು ಬೀಸಿ ಫಟ್ಟನೆ ತೆರೆಯುವ ಚಟವಿದ್ದರೆ ಬಿಡಿ, ಸವೆತ ಬೇಗ ಆಗುವುದು ಅದರಿಂದಲೇ.

ಪ್ರಶ್ನೆ: ಹೊಸ ಟೈಟೇನಿಯಂ ಫ್ರೇಮ್ ಲಾಕ್ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಉಗುರು ಮುರಿಯಬೇಕು. ಎಣ್ಣೆ ಬಿಡಲೇ?

ಉತ್ತರ: ಅಲಗು ತಿರುಗುವ ಕೀಲಿಗೆ ಒಂದು ಹನಿ ಬಿಡಿ, ಲಾಕ್ ಆತುಕೊಳ್ಳುವ ಮುಖಕ್ಕೆ ಬೇಡ, ಅಲ್ಲಿ ಹಿಡಿತ ನಿಂತಿರುವುದೇ ಘರ್ಷಣೆಯ ಮೇಲೆ. ಟೈಟೇನಿಯಂ ಮೆತು, ಉಕ್ಕಿಗೆ ಉಜ್ಜಿ ಅಂಟಿಕೊಳ್ಳುವ ಗುಣ ಅದಕ್ಕಿದೆ. ಎರಡೂ ಮುಖಗಳನ್ನು ಸ್ಪಿರಿಟ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಅಲಗಿನ ಬುಡದ ಮುಖಕ್ಕೆ ಮೆತ್ತನೆಯ ಪೆನ್ಸಿಲ್‌ನಿಂದ ಗೀಚಿ. ದಿನಕ್ಕೆ ಹತ್ತಿಪ್ಪತ್ತು ಸಲ ತೆರೆದು ಮುಚ್ಚುತ್ತಿದ್ದರೆ ಸಾಮಾನ್ಯವಾಗಿ ಪಳಗುತ್ತದೆ. ಅರ ಹಿಡಿದು ಉಜ್ಜಲು ಹೋಗಬೇಡಿ. ಕೋನ ಒಂದು ಡಿಗ್ರಿ ತಪ್ಪಿದರೂ ಲಾಕ್ ಜಾರುವುದಕ್ಕೆ ತೊಡಗಬಹುದು.

ಪ್ರಶ್ನೆ: ಲಾಕ್ ಪರೀಕ್ಷಿಸಲು ಚಾಕುವಿನ ಬೆನ್ನನ್ನು ಮೇಜಿಗೆ ಹೊಡೆಯುತ್ತಾರಲ್ಲ, ಅದು ಸರಿಯೇ?

ಉತ್ತರ: ಬೇಡ. ಹೊಡೆತಕ್ಕೆ ಅಲಗು ಕ್ಷಣಕಾಲ ಪುಟಿಯುತ್ತದೆ, ಆ ಕ್ಷಣ ಪಟ್ಟಿಯ ಮೇಲೆ ಒತ್ತಡವೇ ಇರುವುದಿಲ್ಲ. ಒಳ್ಳೆಯ ಲಾಕ್ ಕೂಡ ಹಾಗೆ ಬಿಡಬಹುದು, ಜೊತೆಗೆ ಆತುಕೊಳ್ಳುವ ಮುಖವೂ ಜಜ್ಜಿಹೋಗುತ್ತದೆ. ಬದಲಿಗೆ ದಪ್ಪ ಚರ್ಮದ ಕೈಗವಸು ಹಾಕಿ, ಹಿಡಿಯನ್ನು ಎರಡೂ ಪಕ್ಕದಿಂದ ಅಂಗೈ ಮತ್ತು ಬೆರಳ ತುದಿಗಳಲ್ಲಿ ಮಾತ್ರ ಹಿಡಿಯಿರಿ. ಅಲಗು ಮಡಚಿಕೊಳ್ಳುವ ಸೀಳಿಗೆ ಅಡ್ಡವಾಗಿ ಒಂದು ಬೆರಳೂ ಇರಕೂಡದು. ಬೆನ್ನನ್ನು ಮರದ ಅಂಚಿಗೆ ಇಟ್ಟು ನಿಧಾನವಾಗಿ ಒತ್ತಡ ಏರಿಸಿ. ಐದಾರು ಸಲ ಒತ್ತಿದರೂ ಪಟ್ಟಿ ಸರಿಯದಿದ್ದರೆ ಸಾಕು. ಒಮ್ಮೆ ಸರಿದರೂ ಕಾಗದ ಕತ್ತರಿಸಲು ಬಿಟ್ಟು ಬೇರೆಯದಕ್ಕೆ ಬಳಸಬೇಡಿ.

ಪ್ರಶ್ನೆ: ನನ್ನದು ಎಡಗೈ. ಯಾವ ಲಾಕ್?

ಉತ್ತರ: ಬ್ಯಾಕ್ ಲಾಕ್ ಇಲ್ಲವೇ ಕ್ರಾಸ್‌ಬಾರ್. ಲೈನರ್ ಮತ್ತು ಫ್ರೇಮ್ ಲಾಕ್‌ಗಳನ್ನು ಹೆಚ್ಚಾಗಿ ಬಲಗೈ ಹೆಬ್ಬೆರಳಿಗೆ ಹೊಂದುವಂತೆ ಮಾಡಿರುತ್ತಾರೆ. ಹಿಡಿಯ ಅಲಗಿನ ಕಡೆಯ ತುದಿಯಲ್ಲಿ ತಿರುಗುವ ಉಂಗುರವಿರುವ, ಫ್ರಾನ್ಸಿನ ಒಪಿನೆಲ್ ಮಾದರಿಯೂ ಆಗುತ್ತದೆ. ಆ ಉಂಗುರ 1955ರದು. ತಾನಾಗಿ ಬೀಳುವ ಲಾಕ್ ಅಲ್ಲ, ಪ್ರತಿ ಸಲ ಕೈಯಿಂದಲೇ ತಿರುಗಿಸಬೇಕು. ಮರದ ಹಿಡಿ ನೆನೆದರೆ ಉಬ್ಬಿ ಅಲಗೇ ಬಿಗಿದುಕೊಳ್ಳುತ್ತದೆ. ಆಗ ಎಳೆದಾಡಬೇಡಿ, ನೆರಳಲ್ಲಿ ಒಂದೆರಡು ದಿನ ಒಣಗಲು ಬಿಡಿ.