ನಾಂತ್‌ನಲ್ಲೇ ನಿಲ್ಲಿಸಬೇಡಿ, ಸಮುದ್ರದವರೆಗೂ ತುಳಿಯಿರಿ

ಫ್ರಾನ್ಸ್‌ನ ಲ್ವಾರ್ ನದಿಗುಂಟ ಒಬ್ಬನೇ ಸೈಕಲ್‌ನಲ್ಲಿ ಹೊರಟಿದ್ದೇನೆ, ನಾಂತ್‌ನಲ್ಲೇ ಮುಗಿಸಿ ರೈಲು ಹತ್ತಿದರೆ ಏನಾದರೂ ತಪ್ಪಿಹೋಗುತ್ತದೆಯೇ, ಕೊನೆಯ ದಿನ ನಿಜಕ್ಕೂ ಹೇಗಿರುತ್ತದೆ ಎಂದು ಕೇಳಿದ್ದೀರಿ. ತಪ್ಪಿಹೋಗುತ್ತದೆ. ಇಡೀ ದಾರಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದೇ ಆ ಕೊನೆಯ ದಿನ.

ನಾಂತ್‌ನಲ್ಲಿ ನಿಲ್ಲಿಸುವವರ ಲೆಕ್ಕಾಚಾರ ನನಗೂ ಗೊತ್ತು. ಶಾಂಬೋರ್, ಆಂಬ್ವಾಜ್, ಸೊಮ್ಯೂರ್ ಎಂದು ಒಂದರ ಹಿಂದೊಂದು ಅರಮನೆ ನೋಡಿಕೊಂಡು ಬಂದಿರುತ್ತೀರಿ. ನಾಂತ್‌ನಲ್ಲಿ ಕೋಟೆ ಇದೆ, ಜನರನ್ನು ಹೊತ್ತು ಓಡಾಡುವ ಯಾಂತ್ರಿಕ ಆನೆ ಇದೆ, ಪ್ಯಾರಿಸ್‌ಗೆ ಅತಿವೇಗದ ರೈಲು ಟಿಜಿವಿ ಇದೆ. ಅಲ್ಲಿಂದ ಕಡಲತೀರದ ಸಾನ್-ಬ್ರೆವಾನ್‌ವರೆಗಿನ ಸುಮಾರು 60 ಕಿ.ಮೀ.ಗೆ ಅರಮನೆಯ ಆಕರ್ಷಣೆ ಯಾವುದೂ ಇಲ್ಲ. ಇರುವುದು ಕೆಸರು, ಜೊಂಡು, ದನ ಮೇಯುವ ಹುಲ್ಲುಗಾವಲು, ಎದುರು ದಡದಲ್ಲಿ ಕೋರ್ದಮೆಯ ವಿದ್ಯುತ್ ಸ್ಥಾವರದ ಚಿಮಣಿ, ಇನ್ನಷ್ಟು ಮುಂದೆ ದೋಂಜ್‌ನ ತೈಲ ಸಂಸ್ಕರಣಾಗಾರ. ಆದರೆ ಅಷ್ಟು ದಿನ ನೀವು ನೋಡಿದ್ದು ಪ್ರವಾಸಿಗರ ಲ್ವಾರ್. ಇಲ್ಲಿ ಸಿಗುವುದು ದುಡಿಯುವ ಲ್ವಾರ್.

ಬಲದಂಡೆಯಲ್ಲೇ ಹೋದರೆ ಕುಎರೋನ್ ಸಿಗುತ್ತದೆ. ಅಲ್ಲಿ ನದಿಯೊಳಗೆ ಅರ್ಧ ಮುಳುಗಿ ವಾಲಿರುವ ಒಂದು ಮನೆ ಕಾಣಿಸಿದರೆ ಪ್ರವಾಹ ಬಂದಿತ್ತೇನೋ ಅಂದುಕೊಳ್ಳಬೇಡಿ, ಅದು ಕಲಾಕೃತಿ. ಅಲ್ಲಿಂದ ಎಡದಂಡೆಯ ಲ ಪೆಲ್ರಾನ್‌ಗೆ ದೋಣಿಯಲ್ಲಿ ದಾಟಬೇಕು. ಕಾರು, ಸೈಕಲ್, ಮನುಷ್ಯರು ಯಾರಿಗೂ ಟಿಕೆಟ್ ಬೇಕಿಲ್ಲ. ಕೆಲವೇ ನಿಮಿಷದ ದಾಟು. ಪಕ್ಕದಲ್ಲಿ ಕೆಲಸಕ್ಕೆ ಹೊರಟವರು ಕಾರಿನಲ್ಲಿ ಕೂತು ಫೋನ್ ನೋಡುತ್ತಿರುತ್ತಾರೆ. ನಿಮ್ಮ ಮಹಾಯಾತ್ರೆಯ ಬಗ್ಗೆ ಯಾರಿಗೂ ಕುತೂಹಲವಿಲ್ಲ. ಒಬ್ಬಂಟಿ ಸವಾರನಿಗೆ ಆ ದಿನ ಅದೂ ಒಂದು ಸಮಾಧಾನವೇ.

ದಾಟಿದ ಮೇಲೆ ಮಾರ್ತಿನಿಯೇರ್ ಕಾಲುವೆ. ಇಲ್ಲಿ ಅವಸರ ಮಾಡಬೇಡಿ. ನದಿಯ ಅಳಿವೆಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ನಾಂತ್‌ಗೆ ಬರಲಾಗುತ್ತಿರಲಿಲ್ಲ. ಅದಕ್ಕಾಗಿ 1882ರಿಂದ 1892ರವರೆಗೆ ಸುಮಾರು 15 ಕಿ.ಮೀ. ಉದ್ದ ತೋಡಿದರು. ಅಷ್ಟರಲ್ಲಿ ಹಡಗುಗಳೇ ಇನ್ನೂ ದೊಡ್ಡವಾದವು, ನದಿಯ ಹೂಳೆತ್ತುವುದೂ ಸುಲಭವಾಯಿತು. ಎರಡು ದಶಕ ಕಳೆಯುವಷ್ಟರಲ್ಲಿ ಕಾಲುವೆಗೆ ಕೆಲಸವಿಲ್ಲದಂತಾಯಿತು. 1920ರ ದಶಕದಲ್ಲಿ ಉಗಿಹಡಗುಗಳೆದುರು ಸೋತ ದೊಡ್ಡ ಹಾಯಿಹಡಗುಗಳನ್ನು ಇಲ್ಲಿಯೇ ಸಾಲಾಗಿ ಕಟ್ಟಿಹಾಕಿ, ಒಡೆಯುವ ದಿನಕ್ಕೆ ಕಾಯಿಸಿದ್ದರು. ಈಗ ಗಾಳ ಹಾಕಿ ಕೂತವರು, ನಾಯಿ ಓಡಾಡಿಸುವವರು ಅಷ್ಟೇ. ಕಾಲುವೆಯ ಹಳೆಯ ಗೇಟಿನ ಬಳಿ ಕಲಾವಿದ ಎರ್ವಿನ್ ವುರ್ಮ್ 2007ರಲ್ಲಿ ನಿಲ್ಲಿಸಿದ ದೋಣಿಯೊಂದಿದೆ. ನೀರಿಗೆ ಹಾರಲು ಹೊರಟಂತೆ ಮೈ ಬಗ್ಗಿಸಿದೆ. ಬುತ್ತಿ ಬಿಚ್ಚಲು ನನ್ನ ಶಿಫಾರಸು ಅದೇ ಜಾಗ.

ಪ್ಯಾಂಬಫ್ ಊರು ದಾಟಿದ ಮೇಲೆ ಗಾಳಿ. ಈ ದಾರಿಯನ್ನು ನದಿ ಹರಿಯುವ ದಿಕ್ಕಿಗೆ ತುಳಿಯುವವರಿಗೆ ಪಶ್ಚಿಮದ ಗಾಳಿ ಎದುರಾಗುವುದು ಹೊಸದಲ್ಲ, ಆದರೆ ಅಳಿವೆಯ ಬಯಲಿನಲ್ಲಿ ತಡೆಯಲು ಮರವೂ ಇಲ್ಲ. ಸಪಾಟು ರಸ್ತೆಯಲ್ಲಿ ಘಟ್ಟ ಹತ್ತುವ ಗೇರ್! ಬೈಯ್ಯೋಣವೆಂದರೆ ಜೊತೆಯಲ್ಲಿ ಯಾರೂ ಇಲ್ಲ. ನಾನು ಕನ್ನಡದಲ್ಲೇ ಜೋರಾಗಿ ಬೈದೆ, ದನಗಳು ತಲೆಯೆತ್ತಿ ನೋಡಿದವು. ನೀರು ಮುಗಿದರೆ ಹಳ್ಳಿಯ ಸ್ಮಶಾನ ಹುಡುಕಿ. ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ, ಫ್ರೆಂಚ್ ಸೈಕಲ್ ಸವಾರರೂ ಅದನ್ನೇ ನೆಚ್ಚುತ್ತಾರೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕವಿದೆಯೇ ನೋಡಿಕೊಳ್ಳಿ. ಮಧ್ಯಾಹ್ನ ಸಣ್ಣ ಊರಿನ ಅಂಗಡಿಗಳು ಬಾಗಿಲು ಹಾಕುವುದರಿಂದ ತಿಂಡಿಯನ್ನು ಬೆಳಿಗ್ಗೆಯೇ ಕೊಂಡಿಡಿ.

ಸಾನ್-ನಾಜೇರ್ ಸೇತುವೆ ಬಹಳ ದೂರದಿಂದಲೇ ಕಾಣಿಸುತ್ತದೆ, ಎಷ್ಟು ತುಳಿದರೂ ಹತ್ತಿರ ಬರುವುದಿಲ್ಲ. ಅದರ ಬುಡದ ಮಿಂದಾನ್ ಬಳಿ ಕಲಾವಿದ ಹುವಾಂಗ್ ಯೋಂಗ್ ಪಿಂಗ್ 2012ರಲ್ಲಿ ಮಾಡಿದ ಅಲ್ಯೂಮಿನಿಯಂ ಹಾವಿನ ಅಸ್ಥಿಪಂಜರವಿದೆ, ಸುಮಾರು 130 ಮೀಟರ್ ಉದ್ದ. ಉಬ್ಬರದಲ್ಲಿ ಬಹುಪಾಲು ಮುಳುಗಿ, ಇಳಿತದಲ್ಲಿ ಮೇಲೇಳುತ್ತದೆ. ಹಿಂದಿನ ರಾತ್ರಿ ಹವಾಮಾನದ ಜೊತೆ ಉಬ್ಬರವಿಳಿತದ ಪಟ್ಟಿಯನ್ನೂ ನೋಡಿಟ್ಟುಕೊಳ್ಳಿ.

ಕೊನೆ ಹೇಗಿರುತ್ತದೆ ಅಂದಿರಿ. ಚಪ್ಪಾಳೆ ಇಲ್ಲ, ಕೈ ಕುಲುಕುವವರಿಲ್ಲ. ದಾರಿ ಕಡಲತೀರದಲ್ಲಿ ಮುಗಿಯುತ್ತದೆ, ಅಷ್ಟೇ. ಮರಳಲ್ಲಿ ಆಡುತ್ತಿದ್ದ ಮಕ್ಕಳ ತಂದೆಯ ಕೈಗೆ ಫೋನ್ ಕೊಟ್ಟು ಒಂದು ಫೋಟೊ ತೆಗೆಸಿಕೊಂಡೆ. ನನಗೆ ಅಳುವೂ ಬರಲಿಲ್ಲ, ಹೆಮ್ಮೆಯೂ ಉಕ್ಕಲಿಲ್ಲ. ವಿಪರೀತ ಹಸಿವಾಗಿತ್ತು. ಊರಿಗೆ ಫೋನ್ ಮಾಡುವುದಿದ್ದರೆ ಮೊದಲು ಮಾಡಿಬಿಡಿ, ಬೇಸಿಗೆಯಲ್ಲಿ ನಮ್ಮ ಗಡಿಯಾರ ಮೂರೂವರೆ ಗಂಟೆ ಮುಂದಿರುತ್ತದೆ.

ರೈಲು ಹಿಡಿಯಲು ಸೇತುವೆಯ ಆಚೆಗಿನ ಸಾನ್-ನಾಜೇರ್‌ಗೆ ಹೋಗಬೇಕು. 1975ರ ಸೇತುವೆ, 3 ಕಿ.ಮೀ.ಗೂ ಹೆಚ್ಚು ಉದ್ದ, ನಡುವೆ ನೀರಿನಿಂದ 60 ಮೀಟರ್ ಮೇಲಕ್ಕೇರುತ್ತದೆ. ಸೈಕಲ್‌ಗೆ ನಿಷೇಧವಿಲ್ಲ, ಆದರೆ ತಡೆಗೋಡೆಯಿಂದ ಬೇರ್ಪಟ್ಟ ಪಥವೂ ಇಲ್ಲ, ಪಕ್ಕದಲ್ಲೇ ಲಾರಿಗಳು. ಗಾಳಿಯ ದಿನ ನಾನಂತೂ ಹತ್ತುವುದಿಲ್ಲ. ಬೇಸಿಗೆಯಲ್ಲಿ ಸೈಕಲ್ ಸಮೇತ ದಾಟಿಸುವ ವಾಹನ ಇದೆಯೇ ಎಂದು ಹಿಂದಿನ ದಿನವೇ ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿ. ಸಾನ್-ನಾಜೇರ್‌ನಿಂದ ನಾಂತ್‌ಗೆ ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಒಯ್ಯಬಹುದು. ಟಿಜಿವಿಯಲ್ಲಿ ಬಿಚ್ಚದ ಸೈಕಲ್‌ಗೆ ಜಾಗ ಕಮ್ಮಿ, ಮುಂಗಡ ಕಾದಿರಿಸಲೇಬೇಕು. ಆ ಟಿಕೆಟ್ಟನ್ನು ಮರುದಿನಕ್ಕೆ ಮಾಡಿಸಿ. ಅದೇ ಸಂಜೆಗೆ ಮಾಡಿಸಿದರೆ ಮಾರ್ತಿನಿಯೇರ್‌ನಲ್ಲಿ ಕೂರುವ ಬದಲು ಗಡಿಯಾರ ನೋಡಿಕೊಂಡು ಗಾಳಿಗೆದುರಾಗಿ ಓಡಬೇಕಾಗುತ್ತದೆ.