ಲಾಕ್‌ಡೌನ್‌ನಲ್ಲಿ ಗಾಳಿ ಶುದ್ಧವಾಗಿತ್ತಂತೆ, ನಮ್ಮ ಹಾಸನದಂಥ ಊರಲ್ಲಿ ಅದು ಯಾಕೆ ಉಳಿಯಲಿಲ್ಲ?
2020ರ ಮಾರ್ಚ್ 25ರಿಂದ ದೇಶದ ನಗರಗಳಲ್ಲಿ ಚೆನ್ನಾಗಿ ಇಳಿದದ್ದು ನೈಟ್ರೋಜನ್ ಡೈಆಕ್ಸೈಡ್. ಅದು ಹೆಚ್ಚಾಗಿ ಎಂಜಿನ್ ಹೊಗೆ, ಗಾಳಿಯಲ್ಲಿ ಕೆಲವೇ ಗಂಟೆ ಇರುತ್ತದೆ, ಬಿ.ಎಂ. ರಸ್ತೆಯಲ್ಲಿ ಬಸ್ಸು, ಲಾರಿ ನಿಂತರೆ ಕಡಿಮೆ, ಓಡಿದರೆ ಮತ್ತೆ ಹಾಜರ್. ಪಿಎಂ 2.5, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು-ಹೊಗೆ ಕಣಗಳು, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಸೌದೆ ಒಲೆ, ಸುಟ್ಟ ಕಸ, ದೂರದಿಂದ ತೇಲಿ ಬಂದ ಹೊಗೆ ಎಲ್ಲ ಅದರಲ್ಲಿ ಸೇರಿರುತ್ತವೆ. ಕೆಲವು ನಗರಗಳಲ್ಲಿ ಉಸಿರಿಗೆ ಕೆಟ್ಟದಾದ ನೆಲಮಟ್ಟದ ಓಝೋನ್ ಏರಿತ್ತು ಕೂಡ! ಅದನ್ನು ತಿಂದುಹಾಕುವ, ಎಂಜಿನ್ ಹೊಗೆಯಲ್ಲೇ ಬರುವ ನೈಟ್ರಿಕ್ ಆಕ್ಸೈಡೇ ಕಮ್ಮಿಯಾಗಿತ್ತಲ್ಲ.

ನನ್ನ ಪ್ರಕಾರ ನಿಜವಾದ ಕೆಲಸ ಮಾಡಿದ್ದು ಅದೇ ವರ್ಷದ ಏಪ್ರಿಲ್ 1ರ ಬಿಎಸ್-6, ಅಂದರೆ ಹೊಸ ವಾಹನಗಳ ಹೊಗೆ ಮಿತಿಯ ನಿಯಮ: ಇಂಧನದ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಪಾಲು) 10ಕ್ಕೆ ಇಳಿಯಿತು. ಆದರೆ ಹಳೇ ಲಾರಿಗಳು ರಸ್ತೆ ಬಿಡುವ ತನಕ ಪೂರ್ತಿ ಲಾಭ ಸಿಗದು.