ಬೆಣಚುಕಲ್ಲು ಸಿಕ್ಕಿದೆ, ಚಿನ್ನ ಇರಬಹುದೇ?

ಶಿರಸಿ ಹತ್ತಿರ ತೋಟದ ಬಾವಿ ತೋಡುವಾಗ ಬೆಣಚುಕಲ್ಲಿನ ಪಟ್ಟಿ ಸಿಕ್ಕಿದೆ, ಚಿನ್ನವೂ ಸಿಲಿಕಾವೂ (ಬೆಣಚುಕಲ್ಲು ಆಗಿರುವ ವಸ್ತು) ಜೊತೆಗೇ ಹುಟ್ಟುತ್ತವಲ್ಲ, ಅಚ್ಚ ಬಿಳಿ ತುಂಡು ಆರಿಸಿ ಲ್ಯಾಬಿಗೆ ಕಳಿಸಲೇ ಎಂದು ಕೇಳಿದ್ದೀರಿ. ಬೇಡ. ನಾನೂ ಶಿರಸಿ ಕಡೆಯವನೇ. ಇದನ್ನೇ ಮಾಡಿ ಒಂದು ವರ್ಷ ಕಳೆದುಕೊಂಡೆ.

ಎಂಎಸ್ಸಿ ಪ್ರಾಜೆಕ್ಟಿಗೆ ಹಟ್ಟಿ ಚಿನ್ನದ ಗಣಿ ಕಡೆಯ ಕಲ್ಲು ತಂದಿದ್ದೆ. ಬಿಳಿ ಕಲ್ಲಲ್ಲೇ ಚಿನ್ನ ಎಂದು ನಂಬಿದ್ದೆ. ಅಂಚಿಗೆ ಅಂಟಿದ್ದ ಕಪ್ಪು ಕಲ್ಲನ್ನೆಲ್ಲ ಸುತ್ತಿಗೆಯಿಂದ ಬಿಡಿಸಿ ಬಿಸಾಡಿದೆ. ಉಳಿದದ್ದನ್ನು ತೊಳೆದು ಪರೀಕ್ಷೆಗೆ ಕೊಟ್ಟೆ. ಚಿನ್ನ ಇಲ್ಲವೆನ್ನುವಷ್ಟು ಕಮ್ಮಿ ಬಂತು. ಅಷ್ಟರಲ್ಲಿ ಮತ್ತೆ ಕಲ್ಲು ತರುವ ಹೊತ್ತು ಮೀರಿತ್ತು.

ಬಿಸಾಡಿದ್ದರಲ್ಲೇ ವಿಷಯ ಇತ್ತು. ಚಿನ್ನ, ಸಿಲಿಕಾ ಎರಡೂ ಭೂಮಿಯೊಳಗಿನ ಒಂದೇ ಬಿಸಿನೀರಲ್ಲಿ ಬರುತ್ತವೆ, ನಿಜ. ಆದರೆ ನೀರನ್ನು ಬಿಡುವ ಕಾರಣ ಬೇರೆ. 300 ಡಿಗ್ರಿಯ ಒಂದು ಲೀಟರ್ ನೀರಲ್ಲಿ ಅರ್ಧ ಗ್ರಾಂಗಿಂತ ಜಾಸ್ತಿ ಸಿಲಿಕಾ ಕರಗುತ್ತದೆ. ನೀರು ತಣಿದರೆ, ಒತ್ತಡ ಇಳಿದರೆ ಅದು ಬೆಣಚುಕಲ್ಲಾಗಿ ಬಿರುಕು ತುಂಬುತ್ತದೆ. ಚಿನ್ನ ಅದರ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ. ಅದೂ ಹೆಚ್ಚಾಗಿ ಗಂಧಕಕ್ಕೆ ಅಂಟಿಕೊಂಡೇ ಕರಗಿರುತ್ತದೆ. ಹಟ್ಟಿಯಲ್ಲಿ ಬಿರುಕಿನ ಪಕ್ಕದ ಕಪ್ಪು ಕಲ್ಲಲ್ಲಿ ಕಬ್ಬಿಣ ತುಂಬಿದೆ. ಆ ಕಬ್ಬಿಣ ಗಂಧಕವನ್ನು ಎಳೆದುಕೊಂಡು ಪೈರೈಟಿನಂಥ ಖನಿಜ ಆಗುತ್ತದೆ. ಗಂಧಕ ಕೈಬಿಟ್ಟ ಚಿನ್ನ ಅಲ್ಲೇ, ಅಂಚಿನಲ್ಲೇ, ಕೂರುತ್ತದೆ. ನಾನು ಕುಟ್ಟಿ ತೆಗೆದದ್ದು ಸರಿಯಾಗಿ ಆ ಅಂಚನ್ನು! ಇಂದಿಗೂ ಹೊಟ್ಟೆ ಉರಿಯುತ್ತದೆ.

ನೀರು ಕುದಿಯುವ ಕಡೆ ಮಾತ್ರ ನಿಮ್ಮ ಮಾತು ಸರಿ. ಗಂಧಕ ಅನಿಲವಾಗಿ ಹಾರಿಹೋಗುತ್ತದೆ, ಸಿಲಿಕಾ ಚಿನ್ನ ಎರಡೂ ಒಟ್ಟಿಗೇ ಇಳಿಯುತ್ತವೆ. ನ್ಯೂಜಿಲೆಂಡಿನ ಬ್ರಾಡ್‌ಲ್ಯಾಂಡ್ಸ್‌ನಲ್ಲಿ ಭೂಶಾಖದ ಬಾವಿಗಳ ಪೈಪಿನೊಳಗೆ, ಒತ್ತಡ ಥಟ್ಟನೆ ಇಳಿಯುವ ಜಾಗದಲ್ಲಿ, ಚಿನ್ನ ಇರುವ ಪದರವೇ ಕಟ್ಟಿತ್ತು.

ಬೆಣಚುಕಲ್ಲು ಎಂದರೆ ಇಲ್ಲಿ ಒಮ್ಮೆ ಬಿಸಿನೀರು ಹರಿದಿತ್ತು ಎಂದಷ್ಟೇ. ಆ ನೀರಲ್ಲಿ ಚಿನ್ನ ಇರಬೇಕೆಂದೇನೂ ಇಲ್ಲ. ಹೆಚ್ಚಿನ ಪಟ್ಟಿಗಳು ಖಾಲಿ.

ಲ್ಯಾಬಿನ ಯೋಚನೆ ಆಮೇಲೆ. ಮೊದಲು ಪಟ್ಟಿಯೂ ಪಕ್ಕದ ಕಲ್ಲೂ ಸೇರುವ ಜಾಗವನ್ನು ಒಡೆದು ನೋಡಿ. ಹೊರಗಿನ ಕೆಂಪು ನಂಬಬೇಡಿ, ನಮ್ಮ ಚಿರೆಕಲ್ಲಿನ ನೆಲದಲ್ಲಿ ಎಲ್ಲ ಕಲ್ಲಿಗೂ ತುಕ್ಕಿನ ಬಣ್ಣ ಹತ್ತುತ್ತದೆ. ಹೊಸದಾಗಿ ಒಡೆದ ಮುಖದಲ್ಲಿ ಹೊಳೆಯುವ ಪೈರೈಟ್ ಕಣ, ಇಲ್ಲವೇ ಅದು ಕರಗಿಹೋದ ಚೌಕ ಗುಳಿ ಕಂಡರೆ ಆ ಅಂಚಿನ ಸಮೇತ ಕಳಿಸಿ. ಬೋಳು ಬಿಳಿಯೇ ಆದರೆ ಸುಮ್ನೆ ದುಡ್ಡು ಹಾಕಬೇಡಿ, ಬಾವಿ ಮುಗಿಸಿ.